ಜೀಪಿನ ಸುತ್ತ ಹರಡಿದ ಕಾಫಿ

ಅಣ್ಣ ತನ್ನ ಹಳೆಯ ಜೀಪನ್ನು ತಾನೇ ಬಿಚ್ಚಿ, ಜೋಡಿಸಿ, ಹಸಿರು ಬಣ್ಣ ಹೊಡೆದಿದ್ದ. ಹತ್ತಿರದ ಬಣಕಲ್ಲಿನಲ್ಲಿ ಕಂಡವರೆಲ್ಲ ಕೊಡುತ್ತೀಯಾ ಎಂದು ಕೇಳುತ್ತಿದ್ದರು. ಸುತ್ತಮುತ್ತ ಜೀಪುಗಳು ಕಳುವಾಗತೊಡಗಿದ ಮೇಲೆ ಅವನು ಅದನ್ನು ಮನೆಮುಂದಿನ ಕಣದ ನಡುವೆ ನಿಲ್ಲಿಸಿ, ಸುತ್ತಲೂ ಕಾಫಿ ಹಣ್ಣು ಒಣಹಾಕುತ್ತಿದ್ದ. ಒಣಗಿದ ಕಾಫಿಯ ಮೇಲೆ ಯಾರು ಕಾಲಿಟ್ಟರೂ ಕರಕರ ಸದ್ದಾಗುತ್ತದೆ. ಆ ಸದ್ದಿಗೆ ಅಣ್ಣ ಎಂಥ ನಿದ್ದೆಯಿಂದಲೂ ಎದ್ದು ಬರುತ್ತಿದ್ದ.

“ಬೀಗ ತೆಗೆಯೋದು ಕಳ್ಳಂಗೆ ಗೊತ್ತು. ಕಾಫಿ ಮೇಲೆ ನಡೆಯೋದು ಗೊತ್ತಿಲ್ಲ ಮಾರಾಯ,” ಎನ್ನುತ್ತಿದ್ದ.

ಒಂದು ಮಧ್ಯಾಹ್ನ ಅವನಿಗೆ ಜ್ವರ. ಮೋಡ ಕವಿಯಿತೆಂದು ನಾನು ಕಾಫಿಯನ್ನು ಮೂಲೆಗೆ ರಾಶಿ ಮಾಡಿ ಟಾರ್ಪಾಲು ಮುಚ್ಚಿದೆ. “ಬಿಸಿಲು ಬಂದ್ರೆ ಮತ್ತೆ ಹರಡು, ನಾನು ಸ್ವಲ್ಪ ಮಲಗ್ತೀನಿ,” ಎಂದ. ಬಿಸಿಲು ಬಂತು. ನಾನು ಹರಡದೆ ಕೊಟ್ಟಿಗೆಹಾರಕ್ಕೆ ವಾಲಿಬಾಲ್ ಆಡಲು ಹೋದೆ. ಯಾರೋ ಜೀಪನ್ನು ಸದ್ದಿಲ್ಲದೆ ಇಳಿಜಾರಿಗೆ ತಳ್ಳಿಕೊಂಡು ಹೋದರು.

ನಾನು ಹಿಂತಿರುಗಿದಾಗ ಅಣ್ಣ ಕಂಬಳಿ ಹೊದ್ದು ಖಾಲಿ ಕಣದಲ್ಲಿ ನಿಂತಿದ್ದ. ಪಕ್ಕದ ಮನೆಯವರು ನನ್ನತ್ತ ತಿರುಗಿ, “ಕಾಫಿ ಹರಡಿರ್ಲಿಲ್ವೇನೋ?” ಎಂದರು.

“ನಾನೇ ಬೇಡ ಅಂದಿದ್ದೆ, ಜ್ವರದ ಮಂಪರಲ್ಲಿ,” ಎಂದು ಅಣ್ಣ ನಡುವೆ ಹೇಳಿಬಿಟ್ಟ. ನಾನು ಮೂಲೆಗೆ ಹೋಗಿ ರಾಶಿಯ ಮೇಲಿನ ಟಾರ್ಪಾಲು ಎಳೆದೆ.

ಆಮೇಲೆ ಬಸ್ಸಿಗೆ ಕಾಯುವಾಗ ಹಸಿರು ಜೀಪು ಬಂದರೆ ಅವನು ಮಾತು ನಿಲ್ಲಿಸಿ ನಂಬರ್ ನೋಡುತ್ತಿದ್ದ. ನನ್ನನ್ನು ಒಮ್ಮೆಯೂ ಬೈಯಲಿಲ್ಲ. ಬೈದಿದ್ದರೆ, ಬಿಸಿಲು ಬಂದದ್ದು ಕಂಡೂ ಆಟಕ್ಕೆ ಹೋದೆ ಎಂಬ ನಿಜ ಹೇಳಿಬಿಡುತ್ತಿದ್ದೆನೇನೋ.

ಜೀಪು ಸಿಗಲಿಲ್ಲ. ಕೆಲವು ವರ್ಷಗಳಲ್ಲಿ ಅಣ್ಣ ತೀರಿಕೊಂಡ. ಈಗಲೂ ರಸ್ತೆಯಲ್ಲಿ ಹಸಿರು ಜೀಪು ಕಂಡರೆ ನಾನು ತಂತಾನೇ ತಲೆ ಎತ್ತುತ್ತೇನೆ. ನಾನು ನಂಬರ್ ನೋಡುವುದಿಲ್ಲ, ಓಡಿಸುತ್ತಿರುವವನು ಅಣ್ಣನೇ ಏನೋ ಎಂದು ಮುಖ ನೋಡುತ್ತೇನೆ.