ರುದ್ರಕ್ಕ ಕೇಳಿದ ಒಂದು ಮಾತು

ರುದ್ರಕ್ಕ ಕೌದಿ ಹೊಲಿಯುವಾಗ ಸೂಜಿಗೆ ದಾರ ಪೋಣಿಸಿ ಕೊಡಲು ಹೋದವರು ಬೈಸಿಕೊಂಡೇ ಬರುತ್ತಿದ್ದರು. ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿಕೊಂಡು, ಎದುರಿಗಿದ್ದವರ ಜೊತೆ ಜಗಳವಾಡುತ್ತಲೇ, ಒಂದೇ ಸಲಕ್ಕೆ ಸೂಜಿಯ ಕಣ್ಣಿಗೆ ತೂರಿಸುತ್ತಿದ್ದಳು. "ನನ್ನ ಕಣ್ಣು ನಂಗೈತಿ. ನಿನ್ನ ಉಪಕಾರ ನೀನೇ ಇಟ್ಕ" ಎನ್ನುವುದು ಅವಳ ಮಾಮೂಲಿ ಉತ್ತರ.

ಉಡುತಡಿಯಲ್ಲಿ ಅವಳ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಹಳೆಯ ಸೀರೆಗಳನ್ನು ಪದರ ಪದರವಾಗಿ ಜೋಡಿಸಿ ಕೌದಿ ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರು ಸುತ್ತಮುತ್ತ ಇರಲಿಲ್ಲ. ಹೇಳಿದ ಮಾತು ಕೇಳದಿರುವುದರಲ್ಲೂ ಅಷ್ಟೇ. ನನ್ನ ಮಗಳ ಬಾಣಂತನಕ್ಕೆಂದು ಸೀರೆ ಕೊಟ್ಟು, ಅಂಚಿಗೆ ಕೆಂಪು ಬಟ್ಟೆ ಹಾಕು ಎಂದಿದ್ದೆ. ಹಸಿರು ಹಾಕಿ ತಂದಳು. ಯಾಕಕ್ಕಾ ಎಂದರೆ, "ಕೆಂಪು ಕೂಸಿನ ಕಣ್ಣಿಗೆ ಹೊಡಿತೈತಿ. ನೀನು ಹೊದಿಯೋದಾಗಿದ್ರೆ ಹಾಕ್ತಿದ್ದೆ" ಎಂದಳು. ನನಗೆ ಸಿಟ್ಟು ಬಂತು. ಕೌದಿ ಚೆನ್ನಾಗಿದ್ದುದರಿಂದ ಇನ್ನೂ ಸಿಟ್ಟು ಬಂತು.

ಎಡಗಣ್ಣಿಗೆ ಪೊರೆ ಬಂದಾಗ ಯಾರಿಗೂ ಹೇಳಲಿಲ್ಲ. ದಾರ ಪೋಣಿಸುವಾಗ ನಮಗೆ ಬೆನ್ನು ಹಾಕಿ ಕೂರಲು ಶುರುಮಾಡಿದಳು, ಅದರಿಂದಲೇ ಗೊತ್ತಾಯಿತು. ಆನವಟ್ಟಿಗೆ ಕೊಟ್ಟಿದ್ದ ಮಗಳು ಗಿರಿಜೆ ಬಂದು, ಅತ್ತು ಕರೆದು, ಶಿಕಾರಿಪುರದಲ್ಲಿ ನಡೆದ ಕಣ್ಣಿನ ಶಿಬಿರಕ್ಕೆ ಕರೆದುಕೊಂಡು ಹೋದಳು. ಅಲ್ಲಿಂದ ಬಸ್ಸಿನಲ್ಲಿ ಯಾವುದೋ ದೊಡ್ಡ ಆಸ್ಪತ್ರೆಗೆ ಒಯ್ದು ಆಪರೇಷನ್ ಮಾಡಿ ಕಳಿಸಿದರು.

ಕಪ್ಪು ಕನ್ನಡಕ ಹಾಕಿಕೊಂಡು ಬಂದವಳು ನನ್ನನ್ನು ಎದುರಿಗೆ ನಿಲ್ಲಿಸಿ, ಕನ್ನಡಕ ಸ್ವಲ್ಪ ಎತ್ತಿ ನೋಡಿದಳು. "ಅಯ್ಯ, ನಿನ್ನ ತಲಿ ಇಷ್ಟು ಬೆಳ್ಳಗಾಗೈತಾ? ನಾನು ಇನ್ನೂ ಪರವಾಗಿಲ್ಲ ಅಂತಿದ್ದೆ." ಅವಳು ಅಷ್ಟು ನಕ್ಕಿದ್ದನ್ನು ನಾನು ಕಂಡಿದ್ದು ಅದೇ ಕೊನೆ.

ಆಮೇಲೆ ನಡೆದಿದ್ದನ್ನು ನೋಡಿ ನಾವು ಬೆರಗಾದೆವು. ರುದ್ರಕ್ಕ ಮಾತು ಕೇಳುತ್ತಿದ್ದಳು. ತಲೆಗೆ ನೀರು ಹಾಕಬೇಡಿ ಎಂದಿದ್ದರು, ಹಾಕಲಿಲ್ಲ. ಒಲೆಯ ಹೊಗೆಗೆ ಹೋಗಬೇಡಿ ಎಂದಿದ್ದರು, ಗಿರಿಜೆ ಮಾಡಿಟ್ಟದ್ದನ್ನು ಉಂಡಳು. ಮಲಗಿ ಕಣ್ಣು ತೆರೆದುಕೊಂಡು ಹೊತ್ತುಹೊತ್ತಿಗೆ ಔಷಧಿ ಹಾಕಿಸಿಕೊಂಡಳು. "ಕೌದಿ ಅರ್ಧಕ್ಕೆ ನಿಂತೈತಿ ಕಣವ್ವಾ. ಅದಕ್ಕೋಸ್ಕರ ಇವರ ಮಾತು ಕೇಳ್ತೀನಿ" ಎನ್ನುತ್ತಿದ್ದಳು.

ಒಂದು ದಿನ ಕಣ್ಣು ಕೆಂಪಗಾಯಿತು. ಜಗಲಿಯ ಮೇಲೆ ಕೂತು ತಾನೇ ಆಸ್ಪತ್ರೆಗೆ ಫೋನ್ ಮಾಡಿಸಿದಳು. ಗಿರಿಜೆ ಸ್ಪೀಕರ್ ಹಾಕಿದಳು. ನಾನೂ ಅಲ್ಲೇ ಇದ್ದೆ. "ಮೇಡಮ್ಮಾರೆ, ಕಣ್ಣು ಉರಿತೈತ್ರಿ. ಔಷಧಿ ಹಾಕಿದಾಗಂತೂ ತಡ್ಯಾಕಾಗಲ್ರಿ" ಎಂದಳು. ಆ ಕಡೆ ಯಾವುದೋ ದೂರದ ಊರಿನ ಕನ್ನಡ, ಅವಸರದ ದನಿ. "ಏನೂ ಆಗಲ್ಲಮ್ಮ. ಔಷಧಿ ಬಿಡಿ, ಕಮ್ಮಿಯಾಗುತ್ತೆ." ಫೋನ್ ಕಟ್ಟಾಯಿತು.

ನಮ್ಮಲ್ಲಿ ಕಣ್ಣಿಗೆ ಔಷಧಿ ಹಾಕುತ್ತಾರೆ. ಬಿಡುವುದು ಎಂದರೆ ನಿಲ್ಲಿಸುವುದು. ಜಗಲಿಯಲ್ಲಿದ್ದ ನಮಗೆಲ್ಲ ಒಂದೇ ಅರ್ಥವಾಯಿತು. ರುದ್ರಕ್ಕ ಔಷಧಿಯ ಬಾಟಲಿಗೆ ಮುಚ್ಚಳ ಹಾಕಿ ಗೂಡಿನಲ್ಲಿಟ್ಟಳು. ಜನ್ಮದಲ್ಲಿ ಒಮ್ಮೆ, ಎದುರು ಮಾತಾಡದೆ, ಹೇಳಿದಷ್ಟೇ ಮಾಡಿದಳು.

ಕೀವಾಗಿ, ನೋವು ತಾಳಲಾರದೆ ಮತ್ತೆ ಆಸ್ಪತ್ರೆಗೆ ಹೋದಾಗ ಜೊತೆಗೆ ನಾನೂ ಹೋಗಿದ್ದೆ. ಔಷಧಿ ಯಾಕೆ ನಿಲ್ಲಿಸಿದಿರಿ ಎಂದು ಡಾಕ್ಟರು ರೇಗಿದರು.

"ನೀವೇ ಬಿಡು ಅಂದ್ರಲ್ರಿ."

"ಬಿಡಿ ಅಂದ್ರೆ ಕಣ್ಣಿಗೆ ಬಿಡಿ ಅಂತ. ಅಷ್ಟೂ ಗೊತ್ತಾಗಲ್ವಾ?"

ಆಮೇಲೆ ಪಕ್ಕದಲ್ಲಿದ್ದವರ ಕಡೆ ತಿರುಗಿ, "ಈ ಹಳ್ಳಿಯವರಿಗೆ ಎಷ್ಟು ಹೇಳಿದ್ರೂ ಮಾತು ಕೇಳಲ್ಲ" ಎಂದರು. ರುದ್ರಕ್ಕ ಬಾಯಿ ತೆರೆದವಳು ಸುಮ್ಮನಾದಳು. ಅವಳು ಸುಮ್ಮನಾಗಿದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಕಣ್ಣಂತೂ ಹೋಯಿತು.

ಊರಿಗೆ ಬಂದ ಮೇಲೆ ನೋಡಲು ಬಂದವರೆಲ್ಲ ಸಮಾಧಾನ ಹೇಳಿದರು. "ಹೋಗ್ಲಿ ಬಿಡಕ್ಕಾ, ಇನ್ನೊಂದು ಕಣ್ಣೈತಲ್ಲ."

"ಬಿಡು ಅಂದಿದ್ದಕ್ಕೇ ಒಂದು ಹೋತು" ಎಂದಳು. "ಈಗ ನೀವು ಮತ್ತೆ ಬಿಡು ಅಂತೀರಿ."

ಬಂದವರು ಚಹಾ ಕುಡಿದು ಎದ್ದು ಹೋದರು. ಬಲಗಣ್ಣಿಗೂ ಪೊರೆ ಬರತೊಡಗಿತ್ತು. ಬೇರೆ ಕಡೆ ತೋರಿಸೋಣ ಎಂದು ನಾನು ಗೋಗರೆದೆ. "ಅಲ್ಲಿ ಯಾವ ಮಾತಿಗೆ ಯಾವ ಅರ್ಥನೋ ಯಾರಿಗ್ಗೊತ್ತು. ಇದ್ದಷ್ಟರಾಗೆ ಇರ್ತೀನಿ" ಎಂದಳು. ಅರ್ಧ ಉಳಿದ ಕೌದಿಯನ್ನು ಮತ್ತೆ ಹಿಡಿದಳು. ಹೊಲಿಗೆ ಸೊಟ್ಟಗೆ ಹೋಗುತ್ತಿತ್ತು. ಬೆರಳಲ್ಲಿ ಸವರಿ ನೋಡಿ, ಅಷ್ಟನ್ನೂ ಬಿಚ್ಚಿ, ಮತ್ತೆ ಹೊಲಿಯುತ್ತಿದ್ದಳು. ದಾರ ಪೋಣಿಸಿ ಕೊಡಲಾ ಎಂದು ನಾನು ಕೇಳಲಿಲ್ಲ. ಬೈಯುತ್ತಾಳೆಂದಲ್ಲ, ಬೈಯದಿದ್ದರೆ ಎಂಬ ಹೆದರಿಕೆಯಿಂದ.

ಕಳೆದ ಮಳೆಗಾಲದಲ್ಲಿ ಹಿತ್ತಿಲ ಮೆಟ್ಟಿಲು ಇಳಿಯುವಾಗ ಎಡಗಡೆಯ ಅಂಚು ಕಾಣದೆ ಬಿದ್ದಳು. ಸೊಂಟ ಮುರಿಯಿತು. ಮತ್ತೆ ಏಳಲಿಲ್ಲ.

ಮಣ್ಣು ಮಾಡಿ ವಾಪಸು ಬರುವಾಗ ನೆಂಟರೊಬ್ಬರು ಜೊತೆಗೆ ನಡೆಯುತ್ತಿದ್ದರು. ನಾನು ಅಳುತ್ತಿರುವುದನ್ನು ಕಂಡು, "ವಯಸ್ಸಾಗಿತ್ತು, ಬಿಡ್ರಿ" ಎಂದರು.

"ದಯವಿಟ್ಟು ಆ ಮಾತು ಆಡಬೇಡ್ರಿ" ಎಂದೆ.

ಅವರು ನಿಂತು ನನ್ನ ಮುಖ ನೋಡಿದರು. ಯಾವ ಮಾತು ಎಂದು ಅವರಿಗೆ ತಿಳಿಯಲಿಲ್ಲ.