ಕೆಂಪು ಟೋಪಿಯ ಮೂರ್ತಿಗಳು

ಕಂಪನಿಯ ಕೆಲಸಕ್ಕೆಂದು ಜಪಾನಿಗೆ ಹೋಗಿದ್ದಾಗ, ರಜೆಯ ದಿನ ಒಬ್ಬನೇ ಒಂದು ಬೌದ್ಧ ದೇವಸ್ಥಾನಕ್ಕೆ ಹೋದೆ. ಅಂಗಳದಲ್ಲಿ ಮೊಣಕಾಲೆತ್ತರದ ಕಲ್ಲಿನ ಮೂರ್ತಿಗಳು ಸಾಲಾಗಿ ನಿಂತಿದ್ದವು. ಹೆಚ್ಚಿನವಕ್ಕೆ ಉಣ್ಣೆಯ ಕೆಂಪು ಟೋಪಿ ಹಾಕಿದ್ದರು. ಮುದ್ದಾಗಿವೆಯಲ್ಲ ಅಂತ ಫೋಟೊ ತೆಗೆಯುತ್ತಿದ್ದೆ.

ಅಲ್ಲೇ ಎಲೆ ಗುಡಿಸುತ್ತಿದ್ದ ಅಜ್ಜಿಯೊಬ್ಬರು ಹತ್ತಿರ ಬಂದು ಏನೋ ಕೇಳಿದರು. ಮೊಬೈಲಿನ ಅನುವಾದದ ಆಪ್ ತೆರೆದು ಹಿಡಿದೆ. ಅದು ಗಟ್ಟಿಯಾಗಿ ಕನ್ನಡದಲ್ಲಿ ಹೇಳಿತು: "ಇವು ಹುಟ್ಟುವ ಮೊದಲೇ ಮರಣಿಸಿದ ಮಕ್ಕಳಿಗಾಗಿ. ನಿಮ್ಮದೂ ಇದೆಯೇ?"

ಎರಡು ವರ್ಷದ ಹಿಂದೆ ನನ್ನ ಹೆಂಡತಿಗೆ ಏಳು ತಿಂಗಳಾಗಿದ್ದಾಗ ಮಗು ಹೊಟ್ಟೆಯಲ್ಲೇ ತೀರಿಕೊಂಡಿತ್ತು. ಆಮೇಲೆ ಮನೆಯಲ್ಲಿ ಯಾರೂ ಆ ಮಾತು ಎತ್ತಿರಲಿಲ್ಲ. ಅವಳು ಮರೆಯಲಿ ಅಂತ ನಾನೂ ಸುಮ್ಮನಿದ್ದೆ. ಅಜ್ಜಿಗೆ ಒಂದು ಬೆರಳು ತೋರಿಸಿದೆ. ಅವರು ಒಳಗಿನಿಂದ ಹೊಸ ಟೋಪಿಯೊಂದನ್ನು ತಂದು ನನ್ನ ಕೈಗಿಟ್ಟರು. ಬರಿದಲೆಯಲ್ಲಿದ್ದ ಒಂದು ಮೂರ್ತಿಯನ್ನು ತೋರಿಸಿ, ತಲೆ ಬಾಗಿಸಿ ಹೊರಟುಹೋದರು.

ನಲ್ಲೂರಿನಲ್ಲಿದ್ದ ಹೆಂಡತಿಗೆ ಅಲ್ಲಿಂದಲೇ ಫೋನ್ ಮಾಡಿ ಎಲ್ಲ ಹೇಳಿದೆ. ಹಳೆಯ ಗಾಯ ಕೆದಕಿದೆನೇನೋ ಎಂದು ಭಯವಾಯಿತು.

"ಅಲ್ಲಿ ಚಳಿ ಐತೇನ್ರೀ?" ಎಂದಳು.

"ಐತೆ."

"ಹಂಗಾರೆ ಕಿವಿ ಮುಚ್ಚಂಗೆ ಹಾಕ್ರಿ."

ಆ ಮೂರ್ತಿಗೆ ಬುದ್ಧನ ಹಾಗೆ ಉದ್ದುದ್ದ ಕಿವಿ. ಎಷ್ಟು ಎಳೆದರೂ ಟೋಪಿ ಸಾಲಲಿಲ್ಲ.

"ಪೂರ್ತಿ ಮುಚ್ಚೈತೆ," ಅಂದೆ. ದೇವರೆದುರು ನಿಂತು ಅಷ್ಟು ಸಲೀಸಾಗಿ ಸುಳ್ಳು ಹೇಳಿದ್ದು ಅದೇ ಮೊದಲು.