ಬಾತುಕೋಳಿಗೆ ಎಣ್ಣೆಸ್ನಾನ

ಭದ್ರಾವತಿಯಿಂದ ಬಂದು ಆಲ್ಕೊಳದಲ್ಲಿ ನಮ್ಮ ಪಕ್ಕದ ಮನೆ ಹಿಡಿದಿದ್ದ ರಿಟೈರ್ಡ್ ಟೀಚರಮ್ಮನ ಬಾತುಕೋಳಿಗಳನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಅವು ಟಬ್ಬಿನಿಂದ ಎದ್ದು ಒಮ್ಮೆ ಮೈ ಕೊಡವಿದರೆ ಸಾಕು, ನೀರೆಲ್ಲ ಮಣಿಮಣಿಯಾಗಿ ಉರುಳಿಹೋಗುತ್ತಿತ್ತು. ನನ್ನ ಒಂದೇ ಒಂದು ಬಾತು ಮಾತ್ರ ಸದಾ ಮಂಕು. ಅದರ ಟಬ್ಬಿನ ನೀರನ್ನು ನಾನು ನೆನಪಾದಾಗ ಬದಲಿಸುತ್ತಿದ್ದೆ, ಅದು ಬೇರೆ ಮಾತು.

"ಏನು ಹಚ್ತೀರಿ ಇವಕ್ಕೆ?" ಎಂದು ಕೇಳಿದಾಗಲೆಲ್ಲ ಅವರು ಬಾತಿನ ಬಾಲದ ಬುಡ ತೋರಿಸುತ್ತಿದ್ದರು. "ಎಣ್ಣೆ ಅಲ್ಲೇ ಇದೆ ಕಣೆ. ಕೊಕ್ಕಲ್ಲಿ ತಗೊಂಡು ಮೈಗೆಲ್ಲ ಹಚ್ಕೊಳ್ಳುತ್ತೆ. ನೀನು ಒಳ್ಳೆ ನೀರಿಡು, ಮಿಕ್ಕಿದ್ದು ಅದೇ ನೋಡ್ಕೊಳ್ಳುತ್ತೆ."

ಗುಟ್ಟು ಬಿಟ್ಟುಕೊಡುತ್ತಿಲ್ಲ ಎಂದುಕೊಂಡೆ. ಒಂದು ಭಾನುವಾರ ನನ್ನ ಬಾತಿಗೆ ಕೊಬ್ಬರಿ ಎಣ್ಣೆ ತಿಕ್ಕಿ, ಸೀಗೆಕಾಯಿ ಹಾಕಿ, ಮಗುವಿಗೆ ಎರೆದ ಹಾಗೆ ಎರೆದೆ. ಆಮೇಲೆ ಟಬ್ಬಿಗೆ ಬಿಟ್ಟರೆ ಅದು ನೆಲ ಒರೆಸುವ ಬಟ್ಟೆಯಂತೆ ನೀರು ಹೀರಿಕೊಂಡು ಮುಳುಗತೊಡಗಿತು. ನಡುಗುತ್ತಿದ್ದ ಅದನ್ನು ಎತ್ತಿಕೊಂಡು ಅವರ ಮನೆಗೆ ಓಡಿದೆ.

ಟೀಚರಮ್ಮ ಗರಿ ಬಿಡಿಸಿ ನೋಡಿ, ಮೂಗಿನ ಹತ್ತಿರ ಹಿಡಿದರು. "ಏನಾದ್ರೂ ಹಚ್ಚಿದ್ಯಾ?"

"ಇಲ್ಲಪ್ಪ," ಎಂದೆ.

"ಸರಿ, ಇಲ್ಲೇ ಇರ್ಲಿ ಬಿಡು. ಮಿಕ್ಕಿದ್ದು ಅದೇ ನೋಡ್ಕೊಳ್ಳುತ್ತೆ."

ಎರಡು ತಿಂಗಳಾದ ಮೇಲೆ ಬಾತನ್ನು ತಂದುಕೊಟ್ಟರು. ಚೆಂಬಿನಿಂದ ನೀರು ಸುರಿದು ನೋಡಿದೆ. ಬೆನ್ನ ಮೇಲೆ ಒಂದು ಹನಿಯೂ ನಿಲ್ಲಲಿಲ್ಲ. ಥ್ಯಾಂಕ್ಸ್ ಹೇಳಬೇಕಾದ ನನ್ನ ಬಾಯಿ, "ಬಡವಾಗಿದೆಯಲ್ಲ? ಇಷ್ಟು ದಿನ ಬೇಕಿತ್ತಾ?" ಎಂದಿತು.

ಟೀಚರಮ್ಮ ನಮ್ಮ ಗೇಟು ದಾಟಿ, ಚಿಲಕ ಹಾಕುತ್ತಾ ಹೇಳಿದರು: "ಸೀಗೆಕಾಯಿ ವಾಸನೆ ಹೋಗ್ಬೇಕಲ್ಲ ಮಾರಾಯ್ತಿ."